ಚಳಿಗಾಲದಲ್ಲಿ ಊರಿನ ಹೂಗಿಡಗಳು

ರಜೆಗೆ ಊರಿಗೆ ಹೋದವರು ಹಿಂದಿರುಗುವಾಗ ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿಗಳ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಮಲ್ಲಿಗೆಯ ಕಡ್ಡಿಯನ್ನೋ ಕನಕಾಂಬರದ ಸಸಿಯನ್ನೋ ತರುವುದು ನಮ್ಮವರಲ್ಲಿ ವಾಡಿಕೆಯೇ ಆಗಿದೆ. ಓಝರಿನ ವಿಮಾನ ಕಾರ್ಖಾನೆಯ ವಸತಿಗಳಿರಲಿ, ನಾಸಿಕದ ಸಾತಪುರ, ಅಂಬಡಗಳ ಬಾಡಿಗೆಯ ಮನೆಗಳಿರಲಿ, ಅತ್ತ ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣೆಗಳ ಕೋಣೆಗಳಿರಲಿ, ಕನ್ನಡದ ಸಂಸಾರವಿದ್ದಲ್ಲಿ ಕಿಟಕಿಯ ಬಳಿ ಒಂದೆರಡು ಕುಂಡಗಳನ್ನು ಕಾಣಬಹುದು. ಮಳೆಗಾಲದಲ್ಲಿ ಚಿಗುರಿ ದಸರೆಯವರೆಗೂ ಹೂ ಕೊಟ್ಟ ಆ ಗಿಡ ಡಿಸೆಂಬರಿನಲ್ಲಿ ಎಲೆ ಉದುರಿಸಿ ಬರಿಯ ಕಡ್ಡಿಯಾಗಿ ನಿಲ್ಲುತ್ತದೆ. ಮನೆಯವರು ಮೊದಲು ನೀರು ಹೆಚ್ಚು ಹಾಕುತ್ತಾರೆ, ಆಮೇಲೆ ಗೊಬ್ಬರ ಹಾಕುತ್ತಾರೆ, ಕೊನೆಗೆ "ಈ ನೆಲ ನಮ್ಮ ಗಿಡಕ್ಕೆ ಒಗ್ಗಲಿಲ್ಲ" ಎಂದು ನಿಟ್ಟುಸಿರು ಬಿಟ್ಟು ಕಿತ್ತು ಎಸೆಯುತ್ತಾರೆ.

ಹೀಗೆ ಎಸೆದ ಗಿಡಗಳಲ್ಲಿ ಎಷ್ಟೋ ಜೀವಂತವಾಗಿಯೇ ಇರುತ್ತವೆ. ಅವು ಮಲಗಿರುತ್ತವೆ, ಅಷ್ಟೆ. ಮಲಗಿದ ಗಿಡವನ್ನು ಎಬ್ಬಿಸಲು ಹೋಗಿ ಕೊಲ್ಲುವುದೇ ಚಳಿಗಾಲದಲ್ಲಿ ಹೆಚ್ಚಾಗಿ ನಡೆಯುವ ಪ್ರಮಾದ. ಯಾವ ಗಿಡ ಚಳಿಯಲ್ಲಿ ಮಲಗುತ್ತದೆ, ಯಾವುದು ಎಚ್ಚರವಿದ್ದು ಹೂ ಬಿಡುತ್ತದೆ, ಯಾವುದು ನಿಜವಾಗಿಯೂ ಸಾಯುತ್ತದೆ ಎಂಬುದನ್ನು ತಿಳಿದುಕೊಂಡರೆ ಸಾವಿರ ಕಿಲೋಮೀಟರು ದೂರದಿಂದ ತಂದ ಕಡ್ಡಿ ವ್ಯರ್ಥವಾಗದು. ಈ ಬಗ್ಗೆ ನಮಗೆ ತಿಳಿದಷ್ಟನ್ನು ಓದುಗರ ಮುಂದಿಡುತ್ತೇವೆ.

ಇಲ್ಲಿಯ ಚಳಿ ಎಷ್ಟು?

ಎತ್ತರದ ಊರಿನಲ್ಲಿ ಚಳಿ ಹೆಚ್ಚು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತಲೂ ಎತ್ತರದಲ್ಲಿದೆ. ನಾಸಿಕ, ಸಂಭಾಜಿನಗರಗಳೆರಡೂ ಸುಮಾರು 600 ಮೀಟರಿನ ಆಸುಪಾಸಿನಲ್ಲಿವೆ. ಹೀಗಿದ್ದೂ ಬೆಂಗಳೂರಿಗಿಂತ ನಾಸಿಕದ ಇರುಳು ಹೆಚ್ಚು ತಣ್ಣಗಿರುತ್ತದೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ನಾಸಿಕದಲ್ಲಿ ಅಷ್ಟು ಚಳಿ ಬೀಳುವುದು ಹಲವು ವರ್ಷಗಳಲ್ಲಿ ಕಾಣುವ ಸಾಧಾರಣ ಸಂಗತಿ. 1945ರ ಜನವರಿಯಲ್ಲಿ ಇಲ್ಲಿಯ ಉಷ್ಣತೆ 0.6 ಡಿಗ್ರಿಗೆ ಇಳಿದದ್ದುಂಟು. ನಾಸಿಕದ ಪೂರ್ವಕ್ಕಿರುವ ನಿಫಾಡದಲ್ಲಂತೂ ಚಳಿಯ ಅಲೆ ಬಂದ ವರ್ಷ ಐದು ಡಿಗ್ರಿಗಿಂತ ಕೆಳಗಿಳಿದು, ಎಲೆಯ ಮೇಲಿನ ಇಬ್ಬನಿ ಹೆಪ್ಪುಗಟ್ಟುವುದುಂಟು. ಸಂಭಾಜಿನಗರದ ಇರುಳು ನಾಸಿಕಕ್ಕಿಂತ ತುಸು ಬೆಚ್ಚಗೆ, ಆದರೆ ಅಲ್ಲಿಯ ಗಾಳಿ ಒಣಗಾಳಿ.

ಇದಕ್ಕೆ ಕಾರಣವೇನು? ಬೆಂಗಳೂರು 13ನೆಯ ಅಕ್ಷಾಂಶದಲ್ಲಿದ್ದರೆ ಈ ಎರಡು ಊರುಗಳೂ 20ನೆಯ ಅಕ್ಷಾಂಶದ ಬಳಿ ಇವೆ. ಉತ್ತರದ ತಣ್ಣನೆಯ ಗಾಳಿ ಇಲ್ಲಿಯವರೆಗೆ ಬರುತ್ತದೆ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದರ ಮೊನೆ ಮೊಂಡಾಗಿರುತ್ತದೆ. ಎರಡನೆಯದಾಗಿ, ಚಳಿಗಾಲದಲ್ಲಿ ಇಲ್ಲಿಯ ಆಕಾಶ ತಿಳಿಯಾಗಿರುತ್ತದೆ, ಗಾಳಿಯಲ್ಲಿ ತೇವವಿರುವುದಿಲ್ಲ. ಹಗಲು ನೆಲ ಪಡೆದ ಕಾವು ಇರುಳಿನಲ್ಲಿ ತಡೆಯಿಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ಮೋಡವೆಂಬುದು ಭೂಮಿಗೆ ಕಂಬಳಿ ಇದ್ದಂತೆ. ಕಂಬಳಿಯಿಲ್ಲದ ಇರುಳಿನಲ್ಲಿ ಮಧ್ಯಾಹ್ನದ 28 ಡಿಗ್ರಿ ಬೆಳಗಿನ ಜಾವಕ್ಕೆ ಎಂಟು ಹತ್ತಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಮಂಗಳೂರು, ಉಡುಪಿಗಳ ಕಡೆಯಿಂದ ಬಂದ ಗಿಡಕ್ಕೆ ಇಂತಹ ಏರಿಳಿತದ ಅಭ್ಯಾಸವೇ ಇಲ್ಲ. ಅಲ್ಲಿ ಕಡಲು ಇರುಳೂ ಹಗಲೂ ಹವೆಯನ್ನು ಬೆಚ್ಚಗೆ ಇಟ್ಟಿರುತ್ತದೆ.

ಇನ್ನೊಂದು ಮಾತು ಗಮನದಲ್ಲಿರಬೇಕು. ಪತ್ರಿಕೆಯಲ್ಲಿ ಅಚ್ಚಾಗುವ ಉಷ್ಣತೆಯನ್ನು ನೆಲದಿಂದ ಸುಮಾರು ಒಂದೂಕಾಲು ಮೀಟರು ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ ಅಳೆದಿರುತ್ತಾರೆ. ತಿಳಿ ಆಕಾಶದ ಇರುಳಿನಲ್ಲಿ ನೆಲದ ಮಟ್ಟ ಅದಕ್ಕಿಂತ ಹಲವು ಡಿಗ್ರಿ ತಣ್ಣಗಿರಬಹುದು. ಪತ್ರಿಕೆ ಏಳು ಎಂದರೆ ತಾರಸಿಯ ಮೇಲಿಟ್ಟ ಕುಂಡಕ್ಕೆ ನಾಲ್ಕೇ ಆಗಿದ್ದೀತು.

ಚಳಿ ಗಿಡಕ್ಕೆ ಮಾಡುವುದೇನು?

ಡಿಸೆಂಬರಿನ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಶೀಶೆ ಹೆಪ್ಪುಗಟ್ಟಿರುತ್ತದೆ. ಅದೇ ಮನೆಯ ಅಡಿಗೆಯ ಸೂರ್ಯಕಾಂತಿ ಎಣ್ಣೆ ತಿಳಿಯಾಗಿಯೇ ಇರುತ್ತದೆ. ಎರಡೂ ಎಣ್ಣೆಯೇ, ಆದರೆ ಅವುಗಳೊಳಗಿನ ಕೊಬ್ಬಿನ ಜಾತಿ ಬೇರೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುತ್ತಿನಲ್ಲಿಯೇ ಗಟ್ಟಿಯಾಗಿಬಿಡುತ್ತದೆ.

ಗಿಡದ ವಿಷಯವೂ ಬಹುಮಟ್ಟಿಗೆ ಇದೇ. ಗಿಡದ ಪ್ರತಿಯೊಂದು ಜೀವಕೋಶಕ್ಕೂ ಕೊಬ್ಬಿನಂಶದಿಂದಾದ ತೆಳುವಾದ ಪೊರೆಯುಂಟು. ನೀರು, ಲವಣಗಳು ಹಾಯ್ದುಹೋಗಬೇಕಾದರೆ ಆ ಪೊರೆ ಮೆದುವಾಗಿರಬೇಕು. ಬೆಚ್ಚನೆಯ ಸೀಮೆಯ ಗಿಡಗಳ ಪೊರೆ ಕೊಬ್ಬರಿ ಎಣ್ಣೆಯ ಹಾಗೆ ಬೇಗ ಬಿರುಸಾಗುತ್ತದೆ. ತಂಪು ಸೀಮೆಯ ಗಿಡಗಳ ಪೊರೆ ಸೂರ್ಯಕಾಂತಿ ಎಣ್ಣೆಯ ಹಾಗೆ ಚಳಿಯಲ್ಲಿಯೂ ಮೆದುವಾಗಿರುತ್ತದೆ. ಆದುದರಿಂದ ನೀರು ಮಂಜುಗಡ್ಡೆಯಾಗುವಷ್ಟು ಚಳಿ ಬೀಳದಿದ್ದರೂ ಹತ್ತು ಡಿಗ್ರಿಯಲ್ಲಿಯೇ ಕೆಲವು ಗಿಡಗಳು ನರಳುತ್ತವೆ.

ಪೊರೆ ಬಿರುಸಾದ ಬೇರು ನೀರನ್ನು ಹೀರಲಾರದು. ಮೇಲೆ ಎಲೆಯಿಂದ ಮಾತ್ರ ಒಣಗಾಳಿ ನೀರನ್ನು ಸೆಳೆಯುತ್ತಲೇ ಇರುತ್ತದೆ. ಆದಾಯ ನಿಂತು ಖರ್ಚು ನಿಲ್ಲದ ಸಂಸಾರದಂತಾಗುತ್ತದೆ ಗಿಡದ ಸ್ಥಿತಿ. ಜಾಣ ಗಿಡ ಆಗ ಖರ್ಚನ್ನು ಕಡಿಮೆ ಮಾಡುತ್ತದೆ, ಅಂದರೆ ಎಲೆಯನ್ನು ಉದುರಿಸುತ್ತದೆ. ಎಲೆ ಉದುರಿದ್ದು ಸಾವಿನ ಗುರುತಲ್ಲ, ಉಳಿತಾಯದ ಗುರುತು. ಇದನ್ನು ತಿಳಿಯದೆ ಬಾಡಿದ ಎಲೆ ಕಂಡು ದಿನವೂ ನೀರು ಸುರಿದರೆ, ಹೀರಲಾರದ ಬೇರು ತಣ್ಣನೆಯ ಕೆಸರಿನಲ್ಲಿ ಕೊಳೆಯುತ್ತದೆ. ಚಳಿ ಕೊಲ್ಲದ ಗಿಡವನ್ನು ಹೀಗೆ ನೀರು ಕೊಲ್ಲುತ್ತದೆ.

ನಾಸಿಕದ ದ್ರಾಕ್ಷಿ ಇದಕ್ಕೆ ಒಳ್ಳೆಯ ಉದಾಹರಣೆ. ಯೂರೋಪಿನಲ್ಲಿ ದ್ರಾಕ್ಷಿಯ ಬಳ್ಳಿ ಚಳಿಗಾಲದಲ್ಲಿ ಎಲೆಯನ್ನೆಲ್ಲ ಕಳಚಿ ಮಲಗಿಬಿಡುತ್ತದೆ, ಸೊನ್ನೆಗಿಂತ ಕೆಳಗಿನ ಹಿಮವನ್ನೂ ತಾಳುತ್ತದೆ. ಇಲ್ಲಿ ಅದೇ ಬಳ್ಳಿ ಮಲಗುವುದಿಲ್ಲ. ರೈತರು ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಇನ್ನೊಮ್ಮೆ ಕತ್ತರಿಸಿ ಅದನ್ನು ಚಳಿಗಾಲವೆಲ್ಲ ಎಚ್ಚರವಾಗಿಟ್ಟು ಹಣ್ಣು ಪಡೆಯುತ್ತಾರೆ. ಎಚ್ಚರವಾಗಿರುವುದರಿಂದಲೇ ನಾಲ್ಕೈದು ಡಿಗ್ರಿಯ ಚಳಿಯೂ ಅದಕ್ಕೆ ಅಪಾಯ. ಬೆಳವಣಿಗೆ ನಿಲ್ಲುತ್ತದೆ, ಹಣ್ಣು ಬಿರಿಯುತ್ತದೆ. ಅದಕ್ಕಾಗಿಯೇ ನಿಫಾಡದ ಕಡೆಯ ರೈತರು ಚಳಿಯ ಅಲೆ ಬಂದಾಗ ತೋಟದಲ್ಲಿ ನಡುರಾತ್ರಿ ಬೆಂಕಿ ಹಾಕಿ ಕಾವು ಹೊಗೆಗಳನ್ನು ಹರಡುತ್ತಾರೆ, ಬೆಳಗಿನ ಜಾವ ಬಾವಿಯ ಬೆಚ್ಚನೆಯ ನೀರನ್ನು ಹಾಯಿಸುತ್ತಾರೆ. ಒಂದೇ ಗಿಡ ಮಲಗಿದ್ದಾಗ ಗಟ್ಟಿ, ಎಚ್ಚರವಿದ್ದಾಗ ನಾಜೂಕು ಎಂಬುದು ಇದರಿಂದ ತಿಳಿಯುತ್ತದೆ.

ಮಲ್ಲಿಗೆಯಲ್ಲಿ ಬಗೆಗಳು

ಈಗ ನಮ್ಮ ಕುಂಡಗಳಿಗೆ ಬರೋಣ. ಒಬ್ಬರು ಉಡುಪಿಯ ಮಲ್ಲಿಗೆ ಎನ್ನುತ್ತಾರೆ, ಒಬ್ಬರು ಹಡಗಲಿಯದು, ಒಬ್ಬರು ಮೈಸೂರಿನದು. ಮೂರೂ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೆಸರುಗಳೇ. ಆದರೆ ಮಲ್ಲಿಗೆ ಎಂಬ ಒಂದೇ ಮಾತಿನಲ್ಲಿ ನಾವು ಹಲವು ಬೇರೆ ಜಾತಿಯ ಗಿಡಗಳನ್ನು ಸೇರಿಸಿಬಿಡುತ್ತೇವೆ. ಚಳಿಯನ್ನು ತಾಳುವುದರಲ್ಲಿ ಇವು ಒಂದರಂತೆ ಒಂದಿಲ್ಲ. ಇಲ್ಲಿಯ ನರ್ಸರಿಗಳಲ್ಲಿ ಕೇಳಲು ಅನುಕೂಲವಾಗಲೆಂದು ಮರಾಠಿಯ ಹೆಸರುಗಳನ್ನೂ ಕೊಟ್ಟಿದ್ದೇವೆ.

ದುಂಡುಮಲ್ಲಿಗೆ. ಮರಾಠಿಯಲ್ಲಿ ಮೋಗರಾ. ಉಡುಪಿಯ ಶಂಕರಪುರದ ಹೆಸರಾಂತ ಮಲ್ಲಿಗೆ ಈ ಜಾತಿಗೆ ಸೇರಿದ್ದು. ಇದು ಬಿಸಿಲಿನ ಗಿಡ. ಬೇಸಿಗೆ ಏರಿದಷ್ಟೂ ಹೂ ಹೆಚ್ಚು. ಚಳಿಗಾಲದಲ್ಲಿ ಮೊಗ್ಗು ನಿಲ್ಲುತ್ತದೆ, ಎಲೆ ಹಳದಿಯಾಗಿ ಬಹುಪಾಲು ಉದುರುತ್ತದೆ. ಇಬ್ಬನಿ ಹೆಪ್ಪುಗಟ್ಟುವಂತಹ ಇರುಳಿನಲ್ಲಿ ತುದಿಯ ಎಳೆಯ ಕಡ್ಡಿಗಳು ಕರಕಾಗಬಹುದು. ಆದರೂ ಬುಡ ಮತ್ತು ಬೇರು ಉಳಿದಿರುತ್ತವೆ, ಕಾವು ಬಂದಾಗ ಅಲ್ಲಿಂದಲೇ ಚಿಗುರುತ್ತವೆ. ಇದು ಮಲಗುವ ಗಿಡ.

ಸೂಜಿಮಲ್ಲಿಗೆ. ಮರಾಠಿಯಲ್ಲಿ ಜುಈ. ತೆಳುವಾದ ಮೊಗ್ಗು, ಬಳ್ಳಿಯ ಸ್ವಭಾವ. ಇದೂ ಚಳಿಗಾಲದಲ್ಲಿ ಹೂ ನಿಲ್ಲಿಸಿ ಮಲಗುತ್ತದೆ, ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ ಹೂ ಕೊಡುತ್ತದೆ. ಇದರ ಆರೈಕೆ ದುಂಡುಮಲ್ಲಿಗೆಯ ಹಾಗೆಯೇ.

ಜಾಜಿ. ಮರಾಠಿಯಲ್ಲಿ ಜಾಈ ಅಥವಾ ಚಮೇಲಿ. ಮೊದಲಿನ ಎರಡಕ್ಕಿಂತ ಚಳಿಗೆ ಗಟ್ಟಿ. ಫ್ರಾನ್ಸ್ ದೇಶದ ಗ್ರಾಸ್ ಎಂಬ ಊರು ಅತ್ತರಿಗೆ ಪ್ರಸಿದ್ಧವಾದದ್ದು. ಅಲ್ಲಿಯ ರೈತರು ಬೆಳೆಸಿದ್ದು ಈ ಜಾಜಿಯನ್ನೇ. ಅಲ್ಲಿಯ ಹಿಮದಿಂದ ಕಾಪಾಡಲು ಅವರು ಹಿಮವನ್ನು ತಾಳುವ ಇನ್ನೊಂದು ಜಾತಿಯ ಮಲ್ಲಿಗೆಯ ಬುಡಕ್ಕೆ ಜಾಜಿಯನ್ನು ಕಸಿ ಕಟ್ಟುತ್ತಿದ್ದರು, ಚಳಿಗಾಲ ಬರುವ ಮೊದಲು ಬುಡಕ್ಕೆ ಮಣ್ಣನ್ನು ಏರಿಸಿ ಮುಚ್ಚುತ್ತಿದ್ದರು. ಅಲ್ಲಿ ಬದುಕಿದ ಗಿಡಕ್ಕೆ ನಾಸಿಕದ ಚಳಿ ದೊಡ್ಡದಲ್ಲ. ಬುಡಕ್ಕೆ ಮಣ್ಣು ಏರಿಸುವ ಉಪಾಯವನ್ನು ಮಾತ್ರ ನಾವೂ ಕಲಿಯಬಹುದು.

ಕಾಕಡ. ಮರಾಠಿಯಲ್ಲಿ ಕುಂದ. ವಾಸನೆ ಹೆಚ್ಚಿಲ್ಲ, ಹೂ ಮಾತ್ರ ಹೇರಳ. ಉಳಿದ ಮಲ್ಲಿಗೆಗಳು ಮಲಗಿದಾಗ ಇದು ಎಚ್ಚರವಿರುತ್ತದೆ. ಸಂಸ್ಕೃತದ ಕೋಶದಲ್ಲಿ ಕುಂದಕ್ಕೆ ಮಾಘ್ಯ ಎಂಬ ಹೆಸರೂ ಇದೆ. ಮಾಘಮಾಸದಲ್ಲಿ ಅರಳುವುದು ಎಂದು ಅದರ ಅರ್ಥ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಮನೆಮನೆಯಲ್ಲಿಯೂ ಅರಿಶಿನ ಕುಂಕುಮದ ಸಂಭ್ರಮ. ಆ ದಿನಗಳಲ್ಲಿಯೇ ಪೇಟೆಯ ಮಲ್ಲಿಗೆಗೆ ಬೆಲೆ ಏರುವುದು. ಮನೆಯಲ್ಲಿ ಒಂದು ಕಾಕಡದ ಗಿಡವಿದ್ದರೆ ಚಳಿಗಾಲದಲ್ಲಿ ದೇವರಿಗೂ ಮುಡಿಗೂ ಹೂವಿನ ಕೊರತೆಯಾಗದು. ಹೊಸದಾಗಿ ಗಿಡ ಇಡುವವರಿಗೆ ನಾವು ಮೊದಲು ಹೇಳುವುದು ಇದನ್ನೇ.

ಕನಕಾಂಬರ ಮತ್ತು ಸೇವಂತಿಗೆ

ಕನಕಾಂಬರವನ್ನು ಕರಾವಳಿಯವರು ಅಬ್ಬಲಿಗೆ ಎನ್ನುತ್ತಾರೆ, ಮರಾಠಿಯವರು ಅಬೋಲಿ. ಹೆಸರಿನಲ್ಲಿ ಇಷ್ಟು ನಂಟಿದ್ದರೂ ನಾಸಿಕದ ಚಳಿಗೂ ಇದಕ್ಕೂ ನಂಟಿಲ್ಲ. ನಾವು ಹೇಳಿದ ಗಿಡಗಳಲ್ಲೆಲ್ಲ ಚಳಿಗೆ ಅತ್ಯಂತ ನಾಜೂಕಾದದ್ದು ಇದೇ. ಇದಕ್ಕೆ ಮಲಗುವ ವಿದ್ಯೆ ಬಾರದು. ಚಳಿಯಲ್ಲಿಯೂ ಎಲೆ ಹೊತ್ತುಕೊಂಡೇ ನಿಲ್ಲುತ್ತದೆ, ಎಲೆ ಕಿರಿದಾಗಿ ಬಣ್ಣಗೆಡುತ್ತದೆ, ತೆನೆ ಬರುವುದು ನಿಲ್ಲುತ್ತದೆ. ಇಬ್ಬನಿ ಹೆಪ್ಪುಗಟ್ಟುವ ಇರುಳು ಬಂದರೆ ಸಾಯುತ್ತದೆ. ಆದುದರಿಂದ ಕನಕಾಂಬರವನ್ನು ನವೆಂಬರಿನ ನಡುವಿನಿಂದ ಗೋಡೆಯ ಆಸರೆಗೆ ತರಬೇಕು, ತೀರ ಚಳಿಯ ಇರುಳಿನಲ್ಲಿ ಮನೆಯೊಳಗೆ ಇಡಬೇಕು. ಚಳಿಗಾಲದಲ್ಲಿ ಇದನ್ನು ಕತ್ತರಿಸಲೇಬಾರದು.

ಜೊತೆಗೆ ಬೀಜವನ್ನೂ ತೆಗೆದಿಡುವುದು ಜಾಣತನ. ದೀಪಾವಳಿಯ ಹೊತ್ತಿಗೆ ಒಣಗಿದ ತೆನೆಗಳನ್ನು ಕಾಗದದ ಚೀಲದಲ್ಲಿ ಕಟ್ಟಿಟ್ಟರೆ ಗಿಡ ಹೋದರೂ ಮಳೆಗಾಲದಲ್ಲಿ ಸಸಿ ಎಬ್ಬಿಸಬಹುದು. ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ಟನೆ ಸಿಡಿದು ಬೀಜ ಹಾರಿಹೋಗುತ್ತದೆ, ಅದಕ್ಕಾಗಿ ತೇವ ಸೋಕದಂತೆ ಕೀಳಬೇಕು. ದೆಹಲಿ ಕನಕಾಂಬರ ಎಂಬ ಬಗೆ ಮಾತ್ರ ಬೀಜ ಕಟ್ಟುವುದಿಲ್ಲ. ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು.

ಸೇವಂತಿಗೆ ಇದಕ್ಕೆ ತದ್ವಿರುದ್ಧ. ಅದು ಚಳಿಗಾಲದ್ದೇ ಹೂ. ಇರುಳು ಉದ್ದವಾದಾಗ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ನಗರವಾಸಿಗಳು ಇಲ್ಲಿ ಒಂದು ವಿಷಯ ನೆನಪಿಡಬೇಕು. ಕುಂಡದ ಮೇಲೆ ಬೀದಿಯ ದೀಪವೋ ವರಾಂಡದ ದೀಪವೋ ಇರುಳೆಲ್ಲ ಬೀಳುತ್ತಿದ್ದರೆ ಸೇವಂತಿಗೆಗೆ ಇರುಳಾದದ್ದೇ ತಿಳಿಯುವುದಿಲ್ಲ, ಹೂ ಬಿಡದೆ ಎಲೆಯನ್ನೇ ಬೆಳೆಸುತ್ತ ಹೋಗುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ. ಕುಂಡವನ್ನು ಕತ್ತಲೆಯ ಮೂಲೆಗೆ ಸರಿಸಿದರೆ ಸಾಕು.

ಅಡಿಗೆಯ ಮನೆಗೆ ಬೇಕಾದ ಕರಿಬೇವಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಹವೆ 16 ಡಿಗ್ರಿಗಿಂತ ಕೆಳಗಿಳಿದರೆ ಕರಿಬೇವಿನ ಚಿಗುರು ನಿಂತುಹೋಗುತ್ತದೆ. ಚಳಿಗಾಲದಲ್ಲಿ ಅದರ ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಆ ಎರಡು ಮೂರು ತಿಂಗಳು ಒಗ್ಗರಣೆಗೆ ಪೇಟೆಯ ಸೊಪ್ಪನ್ನು ತಂದು, ಗಿಡಕ್ಕೆ ವಿಶ್ರಾಂತಿ ಕೊಡಬೇಕು.

ಬೇಸಿಗೆಯಲ್ಲಿ ಮಲಗುವ ಹೂ

ಚಳಿಗಾಲದಲ್ಲಿ ನರ್ಸರಿಗಳಲ್ಲಿ ಕೆಲವೊಮ್ಮೆ ಸೈಕ್ಲಮನ್ ಎಂಬ ಹೂವಿನ ಕುಂಡ ಕಾಣಸಿಗುತ್ತದೆ. ಹೃದಯದ ಆಕಾರದ ಎಲೆ, ಅದರ ಮೇಲೆ ಬೆಳ್ಳಿಯ ಚಿತ್ತಾರ, ಹಿಂದಕ್ಕೆ ಮಡಚಿದ ದಳಗಳ ಬಿಳಿ, ಗುಲಾಬಿ, ಕೆಂಪು ಹೂಗಳು. ಹಾರಲು ಸಿದ್ಧವಾದ ಚಿಟ್ಟೆಗಳಂತೆ ಕಾಣುತ್ತವೆ. ಬೆಲೆಯೂ ಹೆಚ್ಚು. ಕೊಂಡವರು ಮಾರ್ಚಿಯಲ್ಲಿ ಎಲೆ ಬಾಡಿದ್ದನ್ನು ಕಂಡು ದುಃಖಪಡುತ್ತಾರೆ. ಈ ಗಿಡದ ವಿಷಯ ನಮ್ಮ ಮಲ್ಲಿಗೆಗೆ ಸರಿಯಾಗಿ ತಲೆಕೆಳಗು.

ಸೈಕ್ಲಮನ್ನಿನ ಜಾತಿಗಳ ತವರು ಬಹುಮಟ್ಟಿಗೆ ಭೂಮಧ್ಯ ಸಮುದ್ರದ ಸುತ್ತಿನ ನಾಡುಗಳು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಬರಿಯ ಬಿಸಿಲು. ಆದುದರಿಂದ ಅದು ಚಳಿಯಲ್ಲಿ ಎಚ್ಚರವಿದ್ದು ಬೇಸಿಗೆಯಲ್ಲಿ ನೆಲದೊಳಗಿನ ದುಂಡನೆಯ ಗಡ್ಡೆಯಾಗಿ ಮಲಗುತ್ತದೆ. ಅದರಲ್ಲಿಯೂ ಬಗೆಗಳುಂಟು. ಕೋಉಮ್ ಮತ್ತು ಹೆಡೆರಿಫೋಲಿಯಮ್ ಎಂಬ ಸಣ್ಣ ಹೂವಿನ ಕಾಡು ಜಾತಿಗಳು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಹಿಮವನ್ನೂ ತಾಳುತ್ತವೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ದೊಡ್ಡ ಹೂವಿನದು ಪರ್ಸಿಕಮ್ ಎಂಬ ಜಾತಿಯಿಂದ ಬಂದದ್ದು. ಅದು ಹಿಮವನ್ನು ತಾಳದು, ಹತ್ತರಿಂದ ಹದಿನೆಂಟು ಡಿಗ್ರಿಯ ತಂಪನ್ನು ಬಯಸುತ್ತದೆ. ಹೀಗಾಗಿ ನಾಸಿಕದ ಇರುಳು ಅದಕ್ಕೆ ಹಿತ, ಮಧ್ಯಾಹ್ನದ ಬಿಸಿಲೇ ಶತ್ರು. ನೇರ ಬಿಸಿಲು ಬೀಳದ ಉತ್ತರದ ಕಿಟಕಿಯಲ್ಲಿ ಇಟ್ಟು, ನೀರನ್ನು ಗಡ್ಡೆಯ ನೆತ್ತಿಗೆ ಹಾಕದೆ ಕುಂಡದ ಅಂಚಿಗೆ ಹಾಕಬೇಕು. ಬೇಸಿಗೆ ಏರಿ ಎಲೆ ಹಳದಿಯಾದಾಗ ನೀರನ್ನು ಮೆಲ್ಲಮೆಲ್ಲನೆ ನಿಲ್ಲಿಸಿ, ಮನೆಯ ಅತ್ಯಂತ ತಂಪಾದ ನೆರಳಿನಲ್ಲಿ ಕುಂಡವನ್ನು ಇಡಬೇಕು. ಗಡ್ಡೆ ಗಟ್ಟಿಯಾಗಿ ಉಳಿದಿದ್ದರೆ ಅಕ್ಟೋಬರಿನಲ್ಲಿ ಹೊಸ ಮಣ್ಣಿಗೆ ಹಾಕಿ ನೀರು ಕೊಡಬಹುದು. ಇಲ್ಲಿಯ ನಲವತ್ತು ಡಿಗ್ರಿಯ ಬೇಸಿಗೆಯನ್ನು ದಾಟಲಾರದೆ ಹೋಗುವ ಗಡ್ಡೆಗಳೂ ಹಲವು. ಕೈಬಿಗಿಯಾದ ಸಂಸಾರದವರು ಅಷ್ಟು ಹಣಕ್ಕೆ ಎರಡು ಕಾಕಡದ ಗಿಡ ಕೊಳ್ಳುವುದೇ ಲೇಸು. ಗಡ್ಡೆ ವಿಷಕಾರಿ, ಮಕ್ಕಳ ಕೈಗೆ ಸಿಗಬಾರದು.

ಆರೈಕೆಯ ಕ್ರಮ

ಇನ್ನು ಮಾಡಬೇಕಾದದ್ದನ್ನು ಅನುಕ್ರಮವಾಗಿ ಹೇಳುತ್ತೇವೆ. ಇದಕ್ಕೆ ಹಣದ ಖರ್ಚು ಹೆಚ್ಚಿಲ್ಲ.

ಮೊದಲು ಮಣ್ಣು. ನಮ್ಮ ದಕ್ಷಿಣದ ಜಿಲ್ಲೆಗಳ ಕೆಮ್ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಇಲ್ಲಿಯದು ಕಪ್ಪು ಮಣ್ಣು, ವಿಜಾಪುರ, ಧಾರವಾಡಗಳ ಕಡೆಯವರಿಗೆ ಪರಿಚಯವಿರುವ ಎರೆಮಣ್ಣು. ಇದು ನೀರನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಬರಿಯ ಎರೆಮಣ್ಣನ್ನು ಕುಂಡಕ್ಕೆ ತುಂಬಿದರೆ ಚಳಿಗಾಲದಲ್ಲಿ ಬೇರಿಗೆ ಒದ್ದೆ ಕಂಬಳಿ ಹೊದಿಸಿದಂತೆ. ಒಂದು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು ಅಥವಾ ಮುರುಮ, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಈ ಬೆರಕೆ ಸರಿಯಾದದ್ದು. ಕುಂಡದ ತಳದ ತೂತು ಮುಚ್ಚಿಹೋಗಿರಬಾರದು.

ಎರಡನೆಯದು ಜಾಗ. ತೆರೆದ ತಾರಸಿಗಿಂತ ಗೋಡೆಯ ಮಗ್ಗುಲು ಬೆಚ್ಚಗಿರುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಹಗಲೆಲ್ಲ ಬಿಸಿಲು ಕುಡಿದು ಇರುಳಿನಲ್ಲಿ ಆ ಕಾವನ್ನು ಗಿಡಕ್ಕೆ ಕೊಡುತ್ತದೆ. ಮೇಲೆ ಛಾವಣಿಯ ಚಾಚು ಇದ್ದರಂತೂ ಇನ್ನೂ ಒಳ್ಳೆಯದು, ಅದು ಮೋಡದ ಕೆಲಸವನ್ನು ಮಾಡುತ್ತದೆ. ಕುಂಡಗಳನ್ನು ಇಟ್ಟಿಗೆಯ ಮೇಲಿಟ್ಟು, ಒಂದರ ಬಳಿ ಒಂದನ್ನು ಒತ್ತಾಗಿ ಜೋಡಿಸಬೇಕು. ಬುಡಕ್ಕೆ ಮೂರು ನಾಲ್ಕು ಅಂಗುಲ ಒಣ ಎಲೆಯನ್ನೋ ಕಬ್ಬಿನ ರವದಿಯನ್ನೋ ಹರಡಿದರೆ ಬೇರು ಬೆಚ್ಚಗಿರುತ್ತದೆ.

ಮೂರನೆಯದು ನೀರು. ದೀಪಾವಳಿಯ ನಂತರ ನೀರನ್ನು ಕಡಿಮೆ ಮಾಡುತ್ತ ಬರಬೇಕು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ತೇವ ತಾಗಿದರೆ ಆ ದಿನ ನೀರು ಬೇಡ. ಎಲೆ ಉದುರಿಸಿದ ಮಲ್ಲಿಗೆಗೆ ವಾರಕ್ಕೊಮ್ಮೆ ಸ್ವಲ್ಪ ಕೊಟ್ಟರೆ ಧಾರಾಳ. ನೀರು ದಿನವೂ ಬಾರದ ಬಡಾವಣೆಗಳಲ್ಲಿ ಇರುವವರಿಗೆ ಇದು ಅನುಕೂಲವೇ ಸರಿ. ನೀರು ಹಾಕುವ ಹೊತ್ತು ಬೆಳಿಗ್ಗೆ ಒಂಬತ್ತು ಹತ್ತು ಗಂಟೆ, ಬಿಸಿಲು ತಾಗಿದ ಮೇಲೆ. ಪಾಳಿಯ ಕೆಲಸಕ್ಕೆ ಹೋಗುವವರು ಈ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಸಂಜೆ ನೀರು ಹಾಕಿದರೆ ಒದ್ದೆಯಾದ ಮಣ್ಣು ಇರುಳೆಲ್ಲ ತಣ್ಣಗಿರುತ್ತದೆ. ನವೆಂಬರಿನಿಂದ ಜನವರಿಯವರೆಗೆ ಯೂರಿಯಾ ಮೊದಲಾದ ಗೊಬ್ಬರ ಸಲ್ಲದು. ಅದರಿಂದ ಎಳೆಯ ಚಿಗುರು ಹೊರಡುತ್ತದೆ, ಚಳಿಗೆ ಮೊದಲ ಬಲಿ ಆ ಚಿಗುರೇ. ಸೇವಂತಿಗೆ, ಕಾಕಡಗಳು ಹೂ ಬಿಡುವ ಕಾಲವಾದ್ದರಿಂದ ಅವಕ್ಕೆ ಮಾತ್ರ ಮಣ್ಣು ಒಣಗಿದಂತೆ ನೀರು ಕೊಡುತ್ತಿರಬೇಕು.

ನಾಲ್ಕನೆಯದು ಹೊದಿಕೆ. ಕನಿಷ್ಠ ಉಷ್ಣತೆ ಹತ್ತು ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕೆಳಗಿದ್ದರೆ ಹವಾಮಾನ ಇಲಾಖೆ ಅದನ್ನು ಚಳಿಯ ಅಲೆ ಎನ್ನುತ್ತದೆ. ಮರಾಠಿ ಪತ್ರಿಕೆಗಳಲ್ಲಿ ಥಂಡೀಚಿ ಲಾಟ ಎಂಬ ಮಾತು ಕಂಡ ದಿನ ಸಂಜೆ, ಇನ್ನೂ ಕಾವಿರುವಾಗಲೇ, ಹಳೆಯ ಸೀರೆಯನ್ನೋ ಗೋಣಿಯನ್ನೋ ನಾಲ್ಕು ಕೋಲುಗಳ ಮೇಲೆ ಹಾಕಿ ಕುಂಡಗಳನ್ನು ಮುಚ್ಚಬೇಕು. ಬಟ್ಟೆ ನೆಲ ಮುಟ್ಟುವಂತಿರಲಿ, ನೆಲದ ಕಾವು ಒಳಗೇ ನಿಲ್ಲುತ್ತದೆ. ಬೆಳಿಗ್ಗೆ ಬಿಸಿಲು ಬಂದೊಡನೆ ತೆಗೆಯಬೇಕು. ಎಲೆಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದರೆ ತಾಗಿದ ಕಡೆಯೆಲ್ಲ ಎಲೆ ಕರಕಾಗಬಹುದು.

ಐದನೆಯದು ಕತ್ತರಿಸುವುದು. ತಮಿಳುನಾಡಿನ ಬೆಚ್ಚನೆಯ ಸೀಮೆಯಲ್ಲಿ ದುಂಡುಮಲ್ಲಿಗೆಯನ್ನು ನವೆಂಬರಿನ ಕೊನೆಯ ವಾರದಲ್ಲಿಯೇ ಸವರುತ್ತಾರೆ. ಅದನ್ನು ಓದಿ ಇಲ್ಲಿಯೂ ಹಾಗೆಯೇ ಮಾಡಿದರೆ ಹೊಸ ಚಿಗುರು ಸರಿಯಾಗಿ ಚಳಿಯ ಬಾಯಿಗೆ ಬೀಳುತ್ತದೆ. ಫೆಬ್ರವರಿಯ ಮೊದಲ ವಾರದಲ್ಲಿಯೂ ಚಳಿ ಮರಳಿ ಬಂದ ವರ್ಷಗಳುಂಟು. ನಮ್ಮ ಹಿರಿಯರು ರಥಸಪ್ತಮಿಯಿಂದ ಬಿಸಿಲು ಬಲಿಯುತ್ತದೆ ಎನ್ನುತ್ತಿದ್ದರು. ಆ ಲೆಕ್ಕವೇ ಇಲ್ಲಿಗೆ ಸರಿ. ರಥಸಪ್ತಮಿ ಕಳೆದು ಇರುಳಿನ ಚಳಿ ಮುರಿದ ಮೇಲೆ ದುಂಡುಮಲ್ಲಿಗೆಯನ್ನು ನೆಲದಿಂದ ಒಂದೂವರೆ ಅಡಿಯಷ್ಟು ಬಿಟ್ಟು ಸವರಿ, ಬುಡ ಕೆದಕಿ, ಗೊಬ್ಬರ ಹಾಕಿ, ನೀರನ್ನು ಕ್ರಮವಾಗಿ ಹೆಚ್ಚಿಸಬೇಕು. ಯುಗಾದಿಯ ಹೊತ್ತಿಗೆ ಮೊಗ್ಗು ಕಾಣುತ್ತದೆ.

ಸತ್ತಿದೆಯೇ, ಮಲಗಿದೆಯೇ?

ಕೊನೆಯದಾಗಿ, ಗಿಡವನ್ನು ಕಿತ್ತು ಎಸೆಯುವ ಮೊದಲು ಮಾಡಬೇಕಾದ ಒಂದು ಪರೀಕ್ಷೆಯುಂಟು. ಕಡ್ಡಿಯ ತುದಿಯಲ್ಲಿ ಉಗುರಿನಿಂದ ತೊಗಟೆಯನ್ನು ತುಸುವೇ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವವಿದೆ. ಕಂದು ಬಣ್ಣವಿದ್ದು ಕಡ್ಡಿ ಚಟಕ್ಕನೆ ಮುರಿದರೆ ಆ ತುದಿ ಸತ್ತಿದೆ, ಅಷ್ಟು ಮಾತ್ರ. ಇನ್ನೂ ಒಂದು ಗೇಣು ಕೆಳಗೆ ಕೆರೆಯಿರಿ, ಅಲ್ಲಿಯೂ ಇಲ್ಲದಿದ್ದರೆ ಬುಡದಲ್ಲಿ ನೋಡಿ. ಎಲ್ಲಿ ಹಸಿರು ಸಿಗುತ್ತದೆಯೋ ಅಲ್ಲಿಯವರೆಗೆ ಗಿಡ ನಿಮ್ಮದೇ. ಬುಡದಲ್ಲಿಯೂ ಹಸಿರು ಕಾಣದಿದ್ದರೆ ಹೋಳಿಹುಣ್ಣಿಮೆಯವರೆಗೆ ಕಾಯಿರಿ, ಬೇರಿನಿಂದ ಚಿಗುರುವ ಸಂಭವ ಇದ್ದೇ ಇದೆ. ಅಷ್ಟರಲ್ಲಿಯೂ ಚಿಗುರದಿದ್ದರೆ ಆಗ ಕೀಳಬಹುದು.

ಒಂದು ಚಳಿಗಾಲವನ್ನು ದಾಟಿದ ಗಿಡದ ಬೇರು ಎರಡನೆಯ ವರ್ಷ ಆಳಕ್ಕೆ ಇಳಿದಿರುತ್ತದೆ, ಬುಡ ಬಲಿತಿರುತ್ತದೆ. ಮೊದಲ ವರ್ಷದಷ್ಟು ಜೋಪಾನ ಅದಕ್ಕೆ ಬೇಕಾಗದು. ಇಲ್ಲಿಯೇ ಬಲಿತ ಅಂತಹ ಗಿಡದ ಕಡ್ಡಿಯನ್ನು ಪಕ್ಕದ ಮನೆಯವರಿಗೆ ಕೊಟ್ಟರೆ ಅವರು ಊರಿನಿಂದ ತರುವ ಶ್ರಮವೂ ಉಳಿಯುತ್ತದೆ. ರಥಸಪ್ತಮಿಯ ನಂತರ ಗಿಡ ಸವರುವವರು ಕತ್ತರಿಸಿದ ಬಲಿತ ಕಡ್ಡಿಗಳನ್ನು ದಯವಿಟ್ಟು ಎಸೆಯಬಾರದು. ಒದ್ದೆಯ ಬಟ್ಟೆಯಲ್ಲಿ ಸುತ್ತಿ, ಜಾತಿಯ ಹೆಸರನ್ನು ಚೀಟಿಯಲ್ಲಿ ಬರೆದು ವಾಚನಾಲಯಕ್ಕೆ ತಂದರೆ ಬೇಕಾದವರು ಒಯ್ಯುತ್ತಾರೆ. ಹೊಸದಾಗಿ ಊರು ಬಿಟ್ಟು ಬಂದವರಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇರೆ ಇರಲಾರದು.